ಹೋಗಬೇಕಿತ್ತು, ಬರಬಹುದಿತ್ತು ಮತ್ತು ಫ್ರೆಂಚ್ ವ್ಯಾಕರಣ

ಈ ಕಡೆ ತಲೆ ಹಾಕಿ ನಾಲ್ಕು ತಿಂಗಳ ಮೇಲಾಯ್ತು. "ಬರೆಯೋದು ಬಿಟ್ಟೇ ಬಿಟ್ರಾ?" ಅಂತ ಒಂದಿಬ್ಬರು ಕೇಳಿದ್ದೂ ಆಯ್ತು. ಬಿಟ್ಟಿಲ್ಲ, ಸ್ವಲ್ಪ ದಿನದಿಂದ ಶನಿವಾರ, ಭಾನುವಾರ ಫ್ರೆಂಚ್ ಕ್ಲಾಸಿಗೆ ಹೋಗ್ತಿದ್ದೀನಿ. ಆಫೀಸಿನಲ್ಲಿ ಲಿಯೋಂ ಊರಿನವರ ಜೊತೆ ಕೆಲಸ, ಅವರ ಮೇಲ್‌ಗಳೆಲ್ಲ ಫ್ರೆಂಚಿನಲ್ಲಿ. ಈ ವಯಸ್ಸಿನಲ್ಲಿ ಪಾಟಿಚೀಲ ಹೊತ್ತುಕೊಂಡು ಹೋಗೋದು ಒಂಥರಾ ಮಜಾನೇ. ಹೋಮ್‌ವರ್ಕ್ ಮಾಡಿಲ್ಲ ಅಂದ್ರೆ ಈಗಲೂ ಹೊಟ್ಟೆಯಲ್ಲಿ ಚಿಟ್ಟೆ ಓಡಾಡುತ್ತೆ :-)

ಅಸಲಿಗೆ ಫ್ರೆಂಚ್ ನನಗೆ ಹೊಸದಲ್ಲ. 1998ರಲ್ಲಿ ಪಿಯುಸಿ ಸೇರಿದಾಗ ಕನ್ನಡ ಬಿಟ್ಟು ಫ್ರೆಂಚ್ ತಗೊಂಡವಳು ನಾನು. ಕಾರಣ? ಇನ್ನೇನು, ಮಾರ್ಕ್ಸು! "ಕನ್ನಡದಲ್ಲಿ ಎಷ್ಟು ಬರೆದ್ರೂ ಎಪ್ಪತ್ತು ದಾಟಲ್ಲ, ಫ್ರೆಂಚ್ ಆದ್ರೆ ತೊಂಬತ್ತು ಗ್ಯಾರಂಟಿ" ಅಂತ ಆಗ ಎಲ್ಲರೂ ಹೇಳೋರು. ತೊಂಬತ್ತೆರಡು ಬಂತು ಕೂಡ. ಆದರೆ ಪರೀಕ್ಷೆ ಮುಗಿದ ಮೂರು ತಿಂಗಳಿಗೆ 'ಬೋಂಜೂರ್', 'ಮೆರ್ಸಿ' ಬಿಟ್ಟು ಮಿಕ್ಕಿದ್ದೆಲ್ಲ ಆವಿ. ಅತ್ತ ಫ್ರೆಂಚೂ ಬರಲಿಲ್ಲ, ಇತ್ತ ಹಳಗನ್ನಡವೂ ಓದಲಿಲ್ಲ.

ಆ ಸಲ ರಜೆಯಲ್ಲಿ ಊರಿಗೆ ಹೋದಾಗ ತಾತನಿಗೆ ವಿಷಯ ಗೊತ್ತಾಯ್ತು. ತಾತ ಮೂವತ್ತು ವರ್ಷ ಹಳ್ಳಿ ಶಾಲೆಯಲ್ಲಿ ಕನ್ನಡ ಮೇಷ್ಟ್ರಾಗಿದ್ದವರು. ಬೈತಾರೆ ಅಂದುಕೊಂಡಿದ್ದೆ, ಬೈಯಲಿಲ್ಲ. ಎಲೆ ಅಡಿಕೆ ಹಾಕ್ಕೊಳ್ತಾ ಇಷ್ಟೇ ಅಂದ್ರು: "ಕನ್ನಡ ತಗೋಬಹುದಿತ್ತಲ್ಲ ಪುಟ್ಟಿ."

ಈ ಮಾತನ್ನ ಸ್ವಲ್ಪ ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಈಗ ವಿಷಯಕ್ಕೆ ಬರ್ತೀನಿ. ಕಳೆದ ತಿಂಗಳು ನಮ್ಮ ಕ್ಲಾಸಿನಲ್ಲಿ 'ಕೊಂದಿಸಿಯೊನೆಲ್ ಪಾಸೆ' ಅನ್ನೋ ಪಾಠ ಬಂತು. ಇಂಗ್ಲಿಷಿನವರು ಪಾಸ್ಟ್ ಕಂಡಿಷನಲ್ ಅಂತಾರೆ. ಆಗದೇ ಹೋದದ್ದನ್ನ ಹೇಳೋಕೆ ಇರೋ ಕ್ರಿಯಾಪದದ ರೂಪ ಇದು. "ನೀನು ಕರೆದಿದ್ದರೆ ನಾನು ಬರುತ್ತಿದ್ದೆ" ಅಂತೀವಲ್ಲ, ಅದರಲ್ಲಿ "ಬರುತ್ತಿದ್ದೆ" ಅನ್ನೋ ಭಾಗ. ಕರೆಯಲೂ ಇಲ್ಲ, ಬರಲೂ ಇಲ್ಲ.

ಮಾಡುವ ವಿಧಾನ ನೋಡೋಕೆ ಸುಲಭ. ಫ್ರೆಂಚಿನಲ್ಲಿ ಎರಡು ಸಹಾಯಕ ಕ್ರಿಯಾಪದ ಇವೆ. ಒಂದು 'ಆವ್ವಾರ್', ಅಂದ್ರೆ ಹೊಂದಿರು. ಇನ್ನೊಂದು 'ಎತ್ರ್', ಅಂದ್ರೆ ಇರು. ಇವೆರಡರಲ್ಲಿ ಒಂದನ್ನ ಕಂಡಿಷನಲ್ ರೂಪಕ್ಕೆ ತಂದು, ಪಕ್ಕದಲ್ಲಿ ಮುಖ್ಯ ಕ್ರಿಯಾಪದದ ಭೂತ ಕೃದಂತ ಇಟ್ಟರೆ ಆಯ್ತು. ಆವ್ವಾರ್ ಆದರೆ ಜೊರೆ, ತ್ಯು ಒರೆ, ಇಲ್ ಒರೆ, ನೂ ಜೊರಿಯೋಂ, ವೂ ಜೊರಿಯೆ, ಇಲ್ ಜೊರೆ. ಎತ್ರ್ ಆದರೆ ಸರೆ, ಸರೆ, ಸರೆ, ಸರಿಯೋಂ, ಸರಿಯೆ, ಸರೆ. (ಕನ್ನಡ ಲಿಪಿಯಲ್ಲಿ ಉಚ್ಚಾರಣೆ ಸುಮಾರಾಗಿ ಅಷ್ಟೇ, ಫ್ರೆಂಚ್ ಬಲ್ಲವರು ಕ್ಷಮಿಸಬೇಕು.) 'ಪಾರ್ಲೆ' ಅಂದ್ರೆ ಮಾತಾಡು ಅಂತ, ಬಿಸ್ಕತ್ತಲ್ಲ. "ಜೊರೆ ಪಾರ್ಲೆ" ಅಂದ್ರೆ "ನಾನು ಮಾತಾಡುತ್ತಿದ್ದೆ (ಆದರೆ ಮಾತಾಡಲಿಲ್ಲ)".

ಜೊತೆಗೆ ಇನ್ನೊಂದು ನಿಯಮ. 'ಸಿ' ಅಂದ್ರೆ 'ಆದರೆ, ಇದ್ದರೆ' ಅನ್ನೋ ಅರ್ಥ. ಆ ಸಿ ಇರೋ ಭಾಗದಲ್ಲಿ ಕಂಡಿಷನಲ್ ಹಾಕುವಂತಿಲ್ಲ, ಅಲ್ಲಿ 'ಬಂದಿದ್ದೆ, ಮಾಡಿದ್ದೆ' ತರದ ಪೂರ್ಣ ಭೂತಕಾಲ ಬರಬೇಕು. ಮೈಸೂರಿನವರಿಗೆ ಹತ್ತಿರದ ಒಂದು ಉದಾಹರಣೆ ಕೊಡ್ತೀನಿ. 1798ರಲ್ಲಿ ನೆಪೋಲಿಯನ್ ಈಜಿಪ್ಟಿಗೆ ಬಂದಿಳಿದ. ಅಲ್ಲಿಂದ ಟಿಪ್ಪುವಿಗೆ ಕಾಗದವನ್ನೂ ಬರೆದ. ಆದರೆ ಅವನ ಹಡಗುಗಳನ್ನ ನೆಲ್ಸನ್ ಆಗಸ್ಟಿನಲ್ಲೇ ನಾಶ ಮಾಡಿದ್ದ. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿತ್ತು. ಹಾಗಾದ್ರೆ, "ನೆಪೋಲಿಯನ್ ಬಂದಿದ್ದರೆ ಟಿಪ್ಪು ಗೆಲ್ಲುತ್ತಿದ್ದ" ಅನ್ನೋದು ಫ್ರೆಂಚಿನಲ್ಲಿ "ಸಿ ನಪೊಲೆಯೋಂ ಎತೆ ವನ್ಯು, ಟಿಪ್ಪು ಒರೆ ಗಾನ್ಯೆ". ಮೊದಲ ಭಾಗದಲ್ಲಿ ಪೂರ್ಣ ಭೂತ, ಎರಡನೇ ಭಾಗದಲ್ಲಿ ಕಂಡಿಷನಲ್ ಪಾಸೆ. (ಗೆಲ್ಲುತ್ತಿದ್ದನೋ ಇಲ್ಲವೋ ಅಂತ ದಯವಿಟ್ಟು ಜಗಳ ಶುರು ಮಾಡಬೇಡಿ, ಇದು ವ್ಯಾಕರಣದ ಉದಾಹರಣೆ ಅಷ್ಟೇ!)

ಫ್ರೆಂಚ್ ಮಕ್ಕಳೇ ಈ ನಿಯಮ ತಪ್ತಾರೆ. ಅದಕ್ಕೇ ಅಲ್ಲಿನ ಶಾಲೆಗಳಲ್ಲಿ "ಸಿಗಳಿಗೆ ರೆಗಳು ಕಂಡ್ರೆ ಆಗಲ್ಲ" ಅನ್ನೋ ಅರ್ಥದ ಒಂದು ಬಾಯಿಪಾಠ ಇದೆ. 'ಸಿ' ಅನ್ನೋ ಶಬ್ದಕ್ಕೆ ಗರಗಸ ಅನ್ನೋ ಅರ್ಥವೂ ಬರೋದರಿಂದ ಅದೊಂದು ಶ್ಲೇಷೆ ಬೇರೆ. 1962ರಲ್ಲಿ ಇವ್ ರೊಬೇರ್ ಮಾಡಿದ 'ಗುಂಡಿಗಳ ಯುದ್ಧ' (ಅಂಗಿಯ ಗುಂಡಿ ಕಣ್ರೀ) ಅನ್ನೋ ಸಿನಿಮಾದಲ್ಲಿ ಪುಟಾಣಿ ಜಿಬ್ಯುಸ್ ಅನ್ನೋ ಹುಡುಗ ಪದೇ ಪದೇ ಹೇಳೋ ಒಂದು ಡೈಲಾಗು ಫ್ರಾನ್ಸಿನಲ್ಲಿ ಮನೆಮಾತು. ಗೊತ್ತಿದ್ದಿದ್ರೆ ಬರ್ತಿರಲಿಲ್ಲ ಅನ್ನೋದು ಅವನ ಗೋಳು. ಅಷ್ಟು ಚಿಕ್ಕ ವಾಕ್ಯದಲ್ಲಿ ಎರಡು ತಪ್ಪು. 'ಸಿ' ಆದಮೇಲೆ ಕಂಡಿಷನಲ್ ಹಾಕ್ತಾನೆ. 'ಬರು'ಗೆ ಎತ್ರ್ ಹಾಕಬೇಕಾದ ಕಡೆ ಆವ್ವಾರ್ ಹಾಕ್ತಾನೆ.

ಸರಿ, ನಮ್ಮ ಕ್ಲಾಸಿಗೆ ಬರೋಣ. ಹನ್ನೆರಡು ಜನ ಇದ್ದೀವಿ. ಅದರಲ್ಲಿ ಎಂಟು ಜನ ಕನ್ನಡದವರು. ಪಾಠ ಮಾಡೋ ಮೇಡಂ ಕೂಡ ಮಲ್ಲೇಶ್ವರದವರು, ಬ್ರೇಕಿನಲ್ಲಿ ಕಾಫಿ ಕುಡಿಯುವಾಗ ನಮ್ಮ ಜೊತೆ ಅಚ್ಚ ಕನ್ನಡದಲ್ಲೇ ಹರಟೆ ಹೊಡೀತಾರೆ. ಒಳಗೆ ಬಂದು ಬೋರ್ಡಿನ ಮುಂದೆ ನಿಂತ ತಕ್ಷಣ ಎಲ್ಲ ಇಂಗ್ಲಿಷು. ಅವರದ್ದು ತಪ್ಪು ಅಂತಲ್ಲ, ಪುಸ್ತಕ ಹಾಗಿದೆ, ಪದ್ಧತಿ ಹಾಗಿದೆ. ಅವತ್ತು ಅಭ್ಯಾಸಕ್ಕೆ ಅಂತ ಕೊಟ್ಟ ಮೊದಲ ವಾಕ್ಯ: "ಐ ಶುಡ್ ಹ್ಯಾವ್ ಗಾನ್ ಟು ದ ಮಾರ್ಕೆಟ್."

ಹನ್ನೆರಡು ಜನರಲ್ಲಿ ಹತ್ತು ಜನ ತಪ್ಪು ಮಾಡಿದ್ವಿ. ಒಂದೇ ತಪ್ಪು. 'ಶುಡ್' ಅಂದ್ರೆ 'ದವ್ರೆ', 'ಹ್ಯಾವ್ ಗಾನ್' ಅಂದ್ರೆ 'ಆವ್ವಾರ್ ಆಲೆ' ಅಂತ ಇಟ್ಟಿಗೆ ಮೇಲೆ ಇಟ್ಟಿಗೆ ಜೋಡಿಸಿದ ಹಾಗೆ ಜೋಡಿಸಿದ್ವಿ. ಮೇಡಂ ಮೂರು ಸಲ ವಿವರಿಸಿದರು. ಬೋರ್ಡ್ ಮೇಲೆ ಬಾಣದ ಗುರುತು, ಬಣ್ಣ ಬಣ್ಣದ ಪೆನ್ನು... ಊಹೂಂ. ಸರಿಯಾದ ಉತ್ತರ "ಜೊರೆ ದ್ಯು ಆಲೆ ಒ ಮಾರ್ಶೆ".

ನಾನು ಪುಸ್ತಕದ ಅಂಚಿನಲ್ಲಿ ಸುಮ್ಮನೆ ಕನ್ನಡದಲ್ಲಿ ಬರೆದುಕೊಂಡೆ: "ಮಾರ್ಕೆಟ್ಟಿಗೆ ಹೋಗಬೇಕಿತ್ತು." ಬರೆದು ನೋಡ್ತೀನಿ, ಫ್ರೆಂಚಿನಲ್ಲಿರೋದು ಇದೇ ಅಲ್ವಾ!

ಬಿಡಿಸಿ ನೋಡಿ. ಹೋಗ + ಬೇಕು + ಇತ್ತು. ಭೂತಕಾಲ ಎಲ್ಲಿ ಕೂತಿದೆ? 'ಹೋಗು' ಮೇಲೆ ಅಲ್ಲ, 'ಬೇಕು' ಮೇಲೆ. ಹೋಗೋದು ಹಾಗೇ ಇದೆ, ಬೇಕಾಗಿದ್ದದ್ದು ಮಾತ್ರ ಕಳೆದುಹೋಗಿದೆ. ಫ್ರೆಂಚಿನಲ್ಲೂ ಹಾಗೇ. 'ಜೊರೆ ದ್ಯು' ಅನ್ನೋದು 'ಬೇಕಿತ್ತು', 'ಆಲೆ' ಅನ್ನೋದು ಬರೀ 'ಹೋಗಲು'. ಇಂಗ್ಲಿಷಿನಲ್ಲಿ 'ಶುಡ್' ಅನ್ನೋದಕ್ಕೆ ಭೂತಕಾಲದ ರೂಪವೇ ಇಲ್ಲ. ಅದಕ್ಕೆ ಪಾಪ ಆ ಭಾರವನ್ನ 'ಗೋ' ಮೇಲೆ ಹೊರಿಸಿ 'ಹ್ಯಾವ್ ಗಾನ್' ಅಂತ ಮಾಡ್ತಾರೆ. 'ಹೋಗಬಹುದಿತ್ತು' ಕೂಡ ಅಷ್ಟೇ, "ಜೊರೆ ಪ್ಯು ಆಲೆ". ಅಲ್ಲೂ ಭೂತಕಾಲ 'ಬಹುದು' ಮೇಲೆ. ಹಿಂದಿಯಲ್ಲೂ 'ಜಾನಾ ಚಾಹಿಯೇ ಥಾ' ಅಂತಾರೆ, ಅಲ್ಲೂ ಲೆಕ್ಕ ಇದೇ. ಅಂದ್ರೆ ಕ್ಲಾಸಿನಲ್ಲಿದ್ದ ಬಹುಪಾಲು ಜನರ ನಾಲಿಗೆಗೆ ಗೊತ್ತಿದ್ದ ವಿಷಯವನ್ನ, ಅದು ಗೊತ್ತಿಲ್ಲದ ಒಂದು ಭಾಷೆಯ ಮೂಲಕ ಒಂದೂವರೆ ಗಂಟೆ ಕಲಿಸಿದರು!

ಇಲ್ಲಿಂದ ನನಗೆ ಹುಚ್ಚು ಹಿಡೀತು. ಉಳಿದ ಬಳಕೆಗಳನ್ನೂ ಕನ್ನಡದ ಪಕ್ಕ ಇಟ್ಟು ನೋಡ್ತಾ ಹೋದೆ.

'ಬರುತ್ತಿದ್ದೆ' ತಗೊಳ್ಳಿ. "ಚಿಕ್ಕವಳಿದ್ದಾಗ ದಿನಾ ಬರುತ್ತಿದ್ದೆ" ಅಂದ್ರೆ ರೂಢಿ. "ಕರೆದಿದ್ದರೆ ಬರುತ್ತಿದ್ದೆ" ಅಂದ್ರೆ ಆಗದ ಮಾತು. ಒಂದೇ ರೂಪಕ್ಕೆ ಎರಡು ಕೆಲಸ. ಫ್ರೆಂಚಿನಲ್ಲಿ ಎರಡಕ್ಕೂ ಬೇರೆ ಬೇರೆ ರೂಪ ಇದೆ, ನಿಜ. ಆದರೆ ಕಂಡಿಷನಲ್‌ನ ಬಾಲ ನೋಡಿದರೆ ರೂಢಿಯ ಭೂತಕಾಲದ್ದೇ ಬಾಲ! ಭವಿಷ್ಯತ್ಕಾಲದ ಬುಡಕ್ಕೆ ಆ ಬಾಲ ಅಂಟಿಸಿದರೆ ಕಂಡಿಷನಲ್. ಇದರ ಮೂಲ ಆಡುಮಾತಿನ ಲ್ಯಾಟಿನ್. ಅಲ್ಲಿ 'ಕಂತಾರೆ ಹಬೇಬಾಮ್' ಅನ್ನುತ್ತಿದ್ದರು. ಅಕ್ಷರಶಃ ಕನ್ನಡಕ್ಕೆ ತಂದರೆ ಹೆಚ್ಚುಕಮ್ಮಿ 'ಹಾಡುವುದಿತ್ತು'. ಹಾಡುವುದಿತ್ತು, ಹಾಡಲಿಲ್ಲ. ಎರಡು ಸಾವಿರ ವರ್ಷದ ಕೆಳಗೆ ರೋಮಿನವನು ಯೋಚಿಸಿದ ದಾರಿಯಲ್ಲೇ ನಮ್ಮೂರಿನ ಹೆಂಗಸು "ಇವತ್ತು ಸಂತೆಗೆ ಹೋಗೋದಿತ್ತು ಕಣೆ" ಅಂತಾಳೆ. ನನಗಂತೂ ಇದು ಗೊತ್ತಾದ ದಿನ ರಾತ್ರಿ ನಿದ್ದೆ ಬರಲಿಲ್ಲ.

ಇನ್ನೊಂದು ಬಳಕೆ ಇದೆ, ಆಫೀಸಿನಲ್ಲಿ ನನ್ನ ಮಾನ ಕಳೆದದ್ದು ಅದು. ಲಿಯೋಂನಿಂದ ಒಂದು ಮೇಲ್ ಬಂತು, "ಸರ್ವರ್ ಒರೆ ಎತೆ ರದೆಮಾರೆ" ಅನ್ನೋ ತರದ ವಾಕ್ಯ. ನಾನು ಮನಸ್ಸಿನಲ್ಲೇ ಇಂಗ್ಲಿಷಿಗೆ ತಿರುಗಿಸಿದೆ, 'ವುಡ್ ಹ್ಯಾವ್ ಬೀನ್ ರೀಸ್ಟಾರ್ಟೆಡ್'. ಅಂದ್ರೆ ರೀಸ್ಟಾರ್ಟ್ ಆಗಬೇಕಿತ್ತು, ಆಗಲಿಲ್ಲ ಅಂತ ತಿಳಿದು, ಅರ್ಧ ದಿನ ನಾಲ್ಕು ಜನರನ್ನ ಕೂರಿಸಿಕೊಂಡು ಇಲ್ಲದ ಸಮಸ್ಯೆ ಹುಡುಕಿದೆ. ಆಮೇಲೆ ಗೊತ್ತಾಗಿದ್ದು, ಆ ಮನುಷ್ಯ ಹೇಳಿದ್ದು "ಸರ್ವರ್ ರೀಸ್ಟಾರ್ಟ್ ಮಾಡಿದ್ದಾರಂತೆ" ಅಂತ! ತಾನು ಕಣ್ಣಾರೆ ನೋಡಿಲ್ಲ, ಯಾರೋ ಹೇಳಿದರು, ಅಷ್ಟೇ. ಫ್ರೆಂಚ್ ಪತ್ರಿಕೆಗಳ ತುಂಬ ಈ ಬಳಕೆ ಇದೆ. "ಲ ಮಿನಿಸ್ತ್ರ್ ಒರೆ ದೆಮಿಸಿಯೊನೆ" ಅಂದ್ರೆ ಮಂತ್ರಿಗಳು ರಾಜೀನಾಮೆ ಕೊಟ್ಟಿದ್ದಾರಂತೆ, ಖಚಿತ ಇಲ್ಲ. ಪತ್ರಕರ್ತರ ಕಂಡಿಷನಲ್ ಅಂತಲೇ ಇದಕ್ಕೆ ಹೆಸರು. ಇಂಗ್ಲಿಷಿನವರು ಇದಕ್ಕೆ 'ರಿಪೋರ್ಟೆಡ್ಲಿ' ಅಂತ ಇನ್ನೊಂದು ಪದ ಹುಡುಕಬೇಕು. ನಮ್ಮಲ್ಲಿ? ಒಂದು 'ಅಂತೆ' ಸಾಕು. ಪತ್ರಿಕೆ ಭಾಷೆ ಬೇಕಾದರೆ 'ಎನ್ನಲಾಗಿದೆ'. ಆ ಮೇಲನ್ನ ಕನ್ನಡಕ್ಕೆ ತಿರುಗಿಸಿ ಓದಿದ್ದಿದ್ದರೆ ನನ್ನ ಅರ್ಧ ದಿನ ಉಳಿಯುತ್ತಿತ್ತು. (ನೋಡಿ, ಇದೂ ಕೊಂದಿಸಿಯೊನೆಲ್ ಪಾಸೆ!)

ಎಲ್ಲ ಕಡೆಯೂ ಕನ್ನಡ ಕೈ ಹಿಡಿಯುತ್ತೆ ಅಂತ ನಾನು ಹೇಳ್ತಿಲ್ಲ. ಕೈ ಕೊಡೋ ಜಾಗಗಳೂ ಇವೆ, ಅದನ್ನೂ ಹೇಳಿಬಿಡ್ತೀನಿ.

ನಮಗೆ ಇರೋದು 'ಇರು' ಒಂದೇ, 'ಹೊಂದಿರು' ಅನ್ನೋ ಸಹಾಯಕ ಕ್ರಿಯಾಪದ ಇಲ್ಲ. "ನನಗೆ ದುಡ್ಡು ಇದೆ" ಅನ್ನೋ ಜನ ನಾವು. ಹಾಗಾಗಿ ಯಾವುದಕ್ಕೆ ಆವ್ವಾರ್, ಯಾವುದಕ್ಕೆ ಎತ್ರ್ ಅನ್ನೋದು ಬಾಯಿಪಾಠವೇ ಗತಿ. ಹೋಗು, ಬಾ, ಹುಟ್ಟು, ಸಾಯಿ, ಬೀಳು, ಉಳಿ ಇಂಥವಕ್ಕೆ ಎತ್ರ್, ಬಹುಪಾಲು ಉಳಿದವಕ್ಕೆ ಆವ್ವಾರ್. ಎತ್ರ್ ಬಂದಾಗ ಲಿಂಗ, ವಚನ ಕೂಡ ನೋಡಬೇಕು. ಕನ್ನಡದಲ್ಲಿ 'ನಾನು ಬರುತ್ತಿದ್ದೆ' ಅಂದ್ರೆ ಹೇಳಿದವರು ಗಂಡೋ ಹೆಣ್ಣೋ ಗೊತ್ತಾಗಲ್ಲ. ಫ್ರೆಂಚಿನಲ್ಲಿ ನಾನು ಹೆಂಗಸಾದ್ದರಿಂದ 'ವನ್ಯು' ಕೊನೆಗೆ ಇನ್ನೊಂದು 'ಇ' ಅಕ್ಷರ ಸೇರಿಸಿ ಬರೀಬೇಕು. ಕಿವಿಗೆ ಕೇಳಿಸಲ್ಲ, ಮಾರ್ಕ್ಸ್ ಮಾತ್ರ ಹೋಗುತ್ತೆ.

ಇನ್ನೊಂದು, ನಮ್ಮ 'ಬಂದಿದ್ದರೆ' ಸ್ವಲ್ಪ ಅಡ್ಡಗೋಡೆ ಮೇಲಿನ ದೀಪ. "ಅವನು ಬಂದಿದ್ದರೆ ಒಳಗೆ ಕಳಿಸು" ಅಂದಾಗ ಬಂದಿರಲೂಬಹುದು. "ಬಂದಿದ್ದರೆ ಊಟ ಮಾಡುತ್ತಿದ್ದ" ಅಂದಾಗ ಬಂದಿಲ್ಲ. ಅದನ್ನ ಗಟ್ಟಿ ಮಾಡೋಕೇ ನಾವು ಮಾತಿನಲ್ಲಿ 'ಬಂದಿದ್ದಿದ್ದರೆ' ಅಂತ ಇನ್ನೊಂದು 'ಇದ್ದ' ಸೇರಿಸೋದು. ಹಾಗೇ 'ನೆಪೋಲಿಯನ್ ಬಂದಿದ್ದರೆ ನಾವು ಈಗ ಫ್ರೆಂಚ್ ಮಾತಾಡುತ್ತಿದ್ದೆವು' ಅಂದರೆ ಫ್ರೆಂಚಿನಲ್ಲಿ ಅದು ಪಾಸೆ ಅಲ್ಲ, ವರ್ತಮಾನದ ಕಂಡಿಷನಲ್. ನಮಗೆ ಆಗಲೂ 'ಉತ್ತಿದ್ದೆವು', ಈಗಲೂ 'ಉತ್ತಿದ್ದೆವು'. ಇಂಥ ಕಡೆ ಎಚ್ಚರ ಬೇಕು. ಆದರೆ ಎಲ್ಲಿ ಎಚ್ಚರ ಬೇಕು ಅನ್ನೋದನ್ನ ಹೇಳೋಕೂ ಕನ್ನಡ ಗೊತ್ತಿರೋ ಪುಸ್ತಕ ಬೇಕಲ್ಲ?

ನನ್ನ ವಾದ ಇಷ್ಟೇ. ಕರ್ನಾಟಕದಲ್ಲಿ ಹೊರದೇಶದ ಭಾಷೆ ಕಲಿಸುವಾಗ ನಡುವಿನ ಸೇತುವೆ ಇಂಗ್ಲಿಷೇ ಆಗಬೇಕು ಅನ್ನೋದು ಒಂದು ಅಭ್ಯಾಸ ಮಾತ್ರ, ಅಗತ್ಯ ಅಲ್ಲ. ಕೆಲವು ಕಡೆ ಅದು ಅಡ್ಡದಾರಿ ಕೂಡ. "ಕ್ಲಾಸಿನಲ್ಲಿ ಬೇರೆ ರಾಜ್ಯದವರೂ ಇರ್ತಾರಲ್ಲ" ಅಂತೀರಾ? ಇರಲಿ. ಪಾಠವೆಲ್ಲ ಕನ್ನಡದಲ್ಲೇ ಆಗಬೇಕು ಅಂತ ನಾನು ಹೇಳ್ತಿಲ್ಲ. "ನಿಮ್ಮ ನಿಮ್ಮ ಭಾಷೆಯಲ್ಲಿ ಇದನ್ನ ಹೇಗೆ ಹೇಳ್ತೀರಿ, ಬರೆದುಕೊಳ್ಳಿ" ಅಂತ ಮೇಡಂ ಒಂದು ಮಾತು ಹೇಳಿದರೆ ಸಾಕು. ಎರಡೇ ನಿಮಿಷದ ಕೆಲಸ. "ಇಂಗ್ಲಿಷ್ ಮೀಡಿಯಂ ಮಕ್ಕಳಿಗೆ ಕನ್ನಡ ವ್ಯಾಕರಣ ಎಲ್ಲಿ ಗೊತ್ತು?" ಅಂತ ನನ್ನ ಗೆಳತಿ ಕೇಳಿದಳು. ವ್ಯಾಕರಣ ಗೊತ್ತಿರಬೇಕಿಲ್ಲ. 'ಹೋಗಬೇಕಿತ್ತು' ಅನ್ನೋಕೆ ಬಂದರೆ ಸಾಕು. ಅದು ಬರದ ಕನ್ನಡದ ಮಗು ನಾನು ನೋಡಿಲ್ಲ.

ಇದರಿಂದ ಲಾಭ ಬರೀ ಫ್ರೆಂಚಿಗೆ ಅಲ್ಲ. ಕನ್ನಡಕ್ಕೆ ಕನ್ನಡದ್ದೇ ವ್ಯಾಕರಣ ಬೇಕು ಅಂತ ಶಂಕರಭಟ್ಟರು ಬರೆದದ್ದನ್ನ ನಾವೆಲ್ಲ ಓದಿ ವಾದ ಮಾಡಿದ್ದೇವೆ. ನನಗೆ ಅದು ನಿಜಕ್ಕೂ ಅರ್ಥ ಆಗಿದ್ದು ಫ್ರೆಂಚ್ ಕ್ಲಾಸಿನಲ್ಲಿ. 'ಬೇಕು + ಇತ್ತು' ಅಂತ ಬಿಡಿಸಿ ನೋಡುವವರೆಗೆ ಅದರೊಳಗೆ ಇಷ್ಟೊಂದು ಇದೆ ಅಂತ ನನಗೆ ಗೊತ್ತೇ ಇರಲಿಲ್ಲ.

"ಅತ್ತೆಗೆ ಮೀಸೆ ಬಂದರೆ ಚಿಕ್ಕಪ್ಪ ಅನ್ನಬಹುದು" ಅಂತ ನಮ್ಮಲ್ಲಿ 'ರೆ'ಗಳನ್ನ ಗೇಲಿ ಮಾಡೋ ಗಾದೆ ಇದೆಯಲ್ಲ, ಫ್ರೆಂಚರಲ್ಲೂ ಅತ್ತೆ-ಚಿಕ್ಕಪ್ಪನ ಗಾದೆ ಇದೆ. ಅಲ್ಲಿ ಅತ್ತೆಗೆ ಬರೋದು ಮೀಸೆ ಅಲ್ಲ, ಏನು ಅಂತ ಇಲ್ಲಿ ಬರೆಯೋ ಹಾಗಿಲ್ಲ :-) ಮರ್ಯಾದಸ್ಥರ ಗಾದೆಯೂ ಒಂದಿದೆ, 'ರೆ'ಗಳಿದ್ದರೆ ಪ್ಯಾರಿಸ್ಸನ್ನೇ ಬಾಟಲಿಯೊಳಗೆ ಹಾಕಬಹುದು ಅಂತ. ಅಂದ್ರೆ ಕೊರಗಿ ಪ್ರಯೋಜನ ಇಲ್ಲ ಅಂತ ಎರಡೂ ಊರಿನವರಿಗೆ ಗೊತ್ತು. ಆದರೂ ಕೊರಗ್ತೀವಿ.

ಈಗ ತಾತನ ಮಾತಿಗೆ ಬರ್ತೀನಿ. "ಕನ್ನಡ ತಗೋಬಹುದಿತ್ತಲ್ಲ ಪುಟ್ಟಿ." ಮನೆಪಾಠಕ್ಕೆ ನಾವೇ ವಾಕ್ಯ ಬರ್ಕೊಂಡು ಬರಬೇಕು ಅಂದಾಗ ನಾನು ಇದನ್ನೇ ಬರೆದೆ, "ತ್ಯು ಒರೆ ಪ್ಯು ಪ್ರಾಂದ್ರ್ ಲ ಕನ್ನಡ". ಒಂದು ತಪ್ಪೂ ಇರಲಿಲ್ಲ. ಮೇಡಂ ಪಕ್ಕದಲ್ಲಿ 'ಆಕ್ಷೇಪಣೆ' ಅಂತ ಬರೆದು ಟಿಕ್ ಹಾಕಿದರು. ಈ ಕಾಲದ ಬಳಕೆಗಳ ಪಟ್ಟಿಯಲ್ಲಿ ಅದೂ ಒಂದು: ಪಶ್ಚಾತ್ತಾಪ, ಆಕ್ಷೇಪಣೆ, ಖಚಿತವಿಲ್ಲದ ಸುದ್ದಿ. ತಾತನ ದನಿಯಲ್ಲಿ ಆಕ್ಷೇಪಣೆ ಇದ್ದದ್ದು ನಿಜ, ಆದರೆ ಬೈಗುಳ ಇರಲಿಲ್ಲ. 'ತಗೋಬೇಕಿತ್ತು' ಅನ್ನಲಿಲ್ಲ ಅವರು. 'ತಗೋಬಹುದಿತ್ತು' ಅಂದರು. ನಿನಗೆ ಆ ದಾರಿಯೂ ಇತ್ತು ಅಂತ ಅಷ್ಟೇ. ಈ ವ್ಯತ್ಯಾಸ ನನಗೆ ತಿಳಿಯೋಕೆ ಇಷ್ಟು ವರ್ಷ ಬೇಕಾಯ್ತು, ಅದೂ ಫ್ರೆಂಚ್ ಪುಸ್ತಕದಿಂದ. ತಾತ 2009ರಲ್ಲಿ ಹೋದರು. ಇದ್ದಿದ್ದರೆ ಈ ಪೋಸ್ಟನ್ನ ಓದಿ ಹೇಳುತ್ತಿದ್ದೆ. ಕಾಗುಣಿತದ ತಪ್ಪು ಹಿಡಿಯುತ್ತಿದ್ದರು, ಅದು ಗ್ಯಾರಂಟಿ.

ಕೊನೆಗೊಂದು ಕೋರಿಕೆ. ನಮ್ಮ ಬ್ಲಾಗು ಬಳಗದಲ್ಲಿ ಜರ್ಮನ್ ಬಲ್ಲವರಿದ್ದೀರಿ, ಜಪಾನಿ ಕಲಿಯುತ್ತಿರುವವರಿದ್ದೀರಿ, ಅರಬ್ ದೇಶಗಳಲ್ಲಿ ಇದ್ದು ಬಂದವರಿದ್ದೀರಿ. ನಿಮ್ಮ ಭಾಷೆಯ ಯಾವುದಾದರೂ ಒಂದು ಕಗ್ಗಂಟನ್ನ ಕನ್ನಡದ ಕಡೆಯಿಂದ ಬಿಡಿಸಿ ಬರೀರಿ. ಇಂಗ್ಲಿಷನ್ನ ನಡುವೆ ತರದೆ. ಪುಸ್ತಕ ಯಾರಾದರೂ ಮಾಡ್ತಾರೆ ಅಂತ ಕಾದರೆ ಇನ್ನು ಇಪ್ಪತ್ತು ವರ್ಷ ಆದಮೇಲೆ "ಯಾರಾದ್ರೂ ಬರೆಯಬಹುದಿತ್ತು" ಅಂತ ನಾವೇ ಹೇಳಿಕೊಂಡು ಕೂತಿರ್ತೀವಿ. ಸದ್ಯಕ್ಕೆ ಆ 'ಇತ್ತು' ತೆಗೆದುಹಾಕೋಕೆ ಟೈಮಿದೆ. ಬರೆಯಬಹುದು.

ಏನಂತೀರಿ?